ಪಕ್ಕೆ ಸವೆದ ಟೈರು

ಟೈರ್ ಅಂಗಡಿಯವನು ಮಂಡಿಯೂರಿ ಕೂತು, ಮುಂದಿನ ಎಡಚಕ್ರದ ಗೆರೆಗಳ ಸಂದಿಗೆ ಒಂದು ನಾಣ್ಯ ಇಳಿಸಿದ. ನಾಣ್ಯ ಅರ್ಧ ಮುಳುಗಿತು. “ಗ್ರಿಪ್ಪು ಇನ್ನೂ ಇದೆ” ಎಂದು ತಲೆಯಾಡಿಸಿದ. ಆಮೇಲೆ ಟೈರಿನ ಪಕ್ಕೆಯ ಮೇಲೆ ಅಂಗೈ ಸವರಿದವನು ಮುಳ್ಳು ತಾಗಿದಂತೆ ಕೈ ಹಿಂದೆಗೆದುಕೊಂಡ. ಅಲ್ಲಿ ರಬ್ಬರು ತುರಿಮಣೆಗೆ ಕೊಟ್ಟ ಹಾಗೆ ಕಿತ್ತುಹೋಗಿತ್ತು. ಒಂದು ಕಡೆ ಒಳಗಿನ ನೂಲು ಕೂಡ ಇಣುಕುತ್ತಿತ್ತು.

“ಗಾಡಿ ಓಡಿಸೋದು ಯಾರು?”

ಅಣ್ಣ ತಂಗಿಯ ಕಡೆ ನೋಡಿದ. ಕಾರು ಅವನದು. ಅಪ್ಪನಿಗೆ ಎಡಗೈ, ಎಡಗಾಲಿನ ಸ್ವಾಧೀನ ತಪ್ಪಿದ ಮೇಲೆ, ಕಾಲಿಗೆ ವ್ಯಾಯಾಮ ಮಾಡಿಸುವ ಆಸ್ಪತ್ರೆಗೆ ಹೋಗಿಬರಲೆಂದು ತಂಗಿಗೆ ಬಿಟ್ಟುಕೊಟ್ಟಿದ್ದ. ದಿನ ಬಿಟ್ಟು ದಿನ, ತನ್ನ ಕೆಲಸಕ್ಕೆ ಹೋಗುವ ಮುಂಚೆ, ಅವಳೇ ಅಪ್ಪನನ್ನು ಕರೆದೊಯ್ಯುತ್ತಿದ್ದಳು. ಇವತ್ತು ಅಣ್ಣನಿಗೆ ರಜೆ. ಟೈರು ನೋಡಿಸಿಕೊಂಡು ಹಾಗೇ ಆಸ್ಪತ್ರೆಗೆ ಹೋಗೋಣವೆಂದು ಜೊತೆಗೆ ಬಂದಿದ್ದ.

“ಓಡಿ ಸವೆದ ಟೈರಲ್ಲ ಇದು, ಅಕ್ಕ” ಅಂದ ಅಂಗಡಿಯವನು. “ಫುಟ್‌ಪಾತ್ ಕಲ್ಲಿಗೆ ಒತ್ತಿ ಒತ್ತಿ ನಿಲ್ಲಿಸಿದೀರ. ದಾರೀಲಿ ಒಡೆದಿದ್ರೆ ದೇವರೇ ಗತಿ.”

“ಕೇಳಿಸ್ತಾ?” ಅಂದ ಅಣ್ಣ. “ರಸ್ತೆ ಅಷ್ಟಗಲ ಬಿದ್ದಿದೆ. ನಿನಗೆ ಆ ಕಲ್ಲೇ ಬೇಕಿತ್ತಾ? ಅದರ ಜೊತೆ ಏನಾದ್ರೂ ನೆಂಟಸ್ತನ ಇದೆಯಾ?”

ತಂಗಿ ಏನೋ ಹೇಳಲೆಂದು ಬಾಯಿ ತೆರೆದಳು. ಮುಂದಿನ ಸೀಟಿನಲ್ಲಿ ಅಪ್ಪ ಕಿಟಕಿಯ ಗಾಜು ಇಳಿಸಿಕೊಂಡು ಕೂತಿದ್ದರು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು. ಅಪ್ಪನ ಸ್ವಭಾವ ಅವಳಿಗೆ ಗೊತ್ತು. ಒಂದು ಲೋಟ ನೀರು ಕೇಳಿದರೆ ಇನ್ನೊಬ್ಬರು ಏಳಬೇಕಾಗುತ್ತದಲ್ಲ ಎಂದು ಬಾಯಾರಿಕೆಯನ್ನೇ ನುಂಗಿಕೊಳ್ಳುವ ಜೀವ ಅದು.

“ಗಮನ ಇರ್ಲಿಲ್ಲ ಅಣ್ಣ. ಬೆಳಗ್ಗೆ ಹೊತ್ತು ಕಣ್ಣು ಎಳೀತಿರುತ್ತೆ.”

“ಕಣ್ಣು ಎಳೀತಾ ಇರೋವಾಗ ಅಪ್ಪನ್ನ ಕೂರಿಸ್ಕೊಂಡು ಓಡಿಸ್ತೀಯಾ? ಸಾಕು ತಾಯಿ. ಕೀ ಇಲ್ಲಿ ಕೊಡು. ಇನ್ಮೇಲೆ ಏನಾದ್ರೂ ಬೇರೆ ವ್ಯವಸ್ಥೆ ನೋಡೋಣ.”

ಅವಳು ಕೀ ಕೊಟ್ಟಳು. ಬೇರೆ ವ್ಯವಸ್ಥೆ ಏನೆಂದು ಅವಳೂ ಕೇಳಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಹೊರೆ ಇಳಿಸಿದರೆ ಹೆಗಲು ಹಗುರಾಗುತ್ತದೆ ಅನ್ನುತ್ತಾರೆ. ಬಹಳ ದಿನ ಹೊತ್ತವರಿಗೆ ಮೊದಲು ತಿಳಿಯುವುದು ಹೊರೆಯಿದ್ದ ಜಾಗದ ನೋವೇ.

ಅಂಗಡಿಯವನು ಜಾಕ್ ತಂದ. “ಮುಂದಿನ ಎರಡೂ ಹೊಸದು ಹಾಕ್ತೀನಿ, ಜೋಡಿ ಸಮ ಇರ್ಬೇಕು. ತಾತ, ನೀವು ಇಳಿಯೋದೇನೂ ಬೇಡ. ಒಂಚೂರು ಮೇಲಕ್ಕೆ ಹೋಗ್ತೀರ, ಹೆದರ್ಬೇಡಿ.”

“ಮೇಲಕ್ಕೆ ಕರ್ಕೊಳ್ಳೋನು ಬೇರೆ ಇದಾನಪ್ಪ” ಅಂದರು ಅಪ್ಪ. “ನೀನು ಎತ್ತಿದ್ರೆ ನೆನಪಿಟ್ಕೊಂಡು ಇಳಿಸ್ಬಿಡು.”

ಮೂವರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಹಳೆಯ ಟೈರನ್ನು ಬಿಚ್ಚಿ ಗೋಡೆಗೆ ಒರಗಿಸಿದ ಮೇಲೂ ಅದನ್ನೇ ನೋಡುತ್ತಿದ್ದರು.

ಆಸ್ಪತ್ರೆಯ ಮುಂದೆ ಅಣ್ಣ ಕಾರನ್ನು ಅಚ್ಚುಕಟ್ಟಾಗಿ ನಿಲ್ಲಿಸಿದ. ಕಾರಿಗೂ ಫುಟ್‌ಪಾತಿಗೂ ನಡುವೆ ಒಂದು ಮೊಳ ಜಾಗ. ಹಿಂದಿನ ಸೀಟಿನಲ್ಲಿ ತಂಗಿ ಗಾಜಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಅಪ್ಪ ಬಾಗಿಲು ತೆಗೆದು, ಬಲಗೈಯಿಂದ ಎಡಗಾಲನ್ನು ಎತ್ತಿ ಹೊರಗಿಟ್ಟರು. ಕಾಲು ಸಂದಿಗೆ ಇಳಿಯಿತು. ಎದುರಿಗೆ ಗೇಣೆತ್ತರದ ಕಲ್ಲು. ಅಣ್ಣ ಸುತ್ತಿ ಬಂದು ಕಂಕುಳಿಗೆ ಕೈಕೊಟ್ಟು ಎಳೆದ. ಇಬ್ಬರಿಗೂ ಏದುಸಿರು ಬಂತು. ಪಾದ ಕಲ್ಲಿನ ಬುಡವನ್ನು ಸವರಿ ಸವರಿ ಅಲ್ಲೇ ಉಳಿಯಿತು. ಕೊನೆಗೆ ಅಪ್ಪನನ್ನು ಮತ್ತೆ ಸೀಟಿನ ಮೇಲೆಯೇ ಕೂರಿಸಿದ.

“ದಿನಾ ಹೇಗಪ್ಪ ಇಳೀತೀರ?”

ಅಪ್ಪ ಹಿಂದಿನ ಸೀಟಿನ ಕಡೆ ಕತ್ತು ತಿರುಗಿಸಿದರು. “ಇವಳು ಕಲ್ಲಿಗೆ ಒತ್ತಿ ನಿಲ್ಲಿಸ್ತಾಳೆ. ನಾನು ಕಾಲು ಜಾರಿಸಿದ್ರೆ ಸಾಕು, ಫುಟ್‌ಪಾತ್ ಮೇಲೇ ಇರ್ತೀನಿ. ಅದಕ್ಕೆ ಟೈರು ಹಾಳಾಗುತ್ತೆ ಅಂತ ಇವತ್ತೇ ಗೊತ್ತಾಗಿದ್ದು ನನಗೆ.”

ಕೀ ಅಣ್ಣನ ಮುಷ್ಟಿಯೊಳಗೆ ಒತ್ತುತ್ತಿತ್ತು. “ಕಾಲು ಒಳಗಿಡಿ. ಹತ್ತಿರ ತಗೋತೀನಿ.”

“ಬೇಡ. ಹೊಸ ಟೈರು. ಮನೆಗೇ ಹೋಗೋಣ ನಡಿ. ಇನ್ನು ಇಲ್ಲಿಗೆ ಬರೋದೇ ಬೇಡ. ಈ ಕಾಲು ಇನ್ನು ಯಾವ ಊರು ಸುತ್ತಬೇಕಾಗಿದೆ?”

ಅಣ್ಣ ಅಪ್ಪನ ಕಾಲನ್ನು ತಾನೇ ಎತ್ತಿ ಒಳಗಿಟ್ಟು, ಬಾಗಿಲು ಹಾಕಿ, ಬಂದು ಸ್ಟೇರಿಂಗ್ ಹಿಡಿದ. ಕಾರನ್ನು ಹಿಂದಕ್ಕೆ ಬಿಟ್ಟು, ಮೆಲ್ಲಗೆ ಎಡಕ್ಕೆ ಒತ್ತರಿಸುತ್ತ ಬಂದ. ಕಲ್ಲಿಗೆ ಇನ್ನು ಅಂಗೈಯಗಲ ಇದೆ ಅನ್ನುವಾಗ ಅವನ ಪಾದ ತಾನಾಗಿ ಬ್ರೇಕಿನ ಮೇಲೆ ಹೋಯಿತು.

ಹಿಂದಿನ ಸೀಟಿನಿಂದ, ಕಣ್ಣು ಬಿಡದೆಯೇ, ತಂಗಿ ಅಂದಳು: “ಇನ್ನೂ ಒಂಚೂರು, ಅಣ್ಣ. ಸದ್ದು ಬರ್ಬೇಕು.”