ಚಿಲಕದ ಈಚೆ

“ಅಕ್ಕಾ, ಗೋಡೆ ಒಳಗೆ ಯಾರೋ ಬಡೀತಿದ್ದಾರೆ. ನಿಮಗೂ ಕೇಳಿಸ್ತಿದೆಯಾ?” ಎಂದು ಚಿಲಕ ಹಾಕಿಕೊಂಡ ಕೋಣೆಯಿಂದ ದರ್ಜಿ ಕೇಳಿದಾಗ, ಹೊರಗೆ ನೆಲದ ಮೇಲೆ ಕೂತಿದ್ದ ಅಕ್ಕ ಗೋಡೆಯತ್ತ ನೋಡಿದಳು. ಅವಳಿಗೂ ಕೇಳಿಸುತ್ತಿತ್ತು. ಟಕ್, ಟಕ್, ಸ್ವಲ್ಪ ಬಿಟ್ಟು ಮತ್ತೆ ಟಕ್.

ಅವಳು ಅವನ ಒಡಹುಟ್ಟಿದವಳಲ್ಲ, ಡಾಕ್ಟರೂ ಅಲ್ಲ. ಇಲ್ಲದ ಸದ್ದು ಕೇಳಿಸುವ ಇದೇ ಕಾಯಿಲೆಯಲ್ಲಿ ಬಿದ್ದು ಎದ್ದವಳೆಂದೇ ಆರೋಗ್ಯ ಕೇಂದ್ರದವರು ಅವಳನ್ನು ಇಂಥವರ ಮನೆಗಳಿಗೆ ಜೊತೆ ಕೂರಲು ಕಳಿಸುತ್ತಿದ್ದರು. ಬೇರೆ ದಿನವಾಗಿದ್ದರೆ, “ನನಗೆ ಕೇಳಿಸ್ತಿಲ್ಲಪ್ಪ, ಆದರೆ ನಿನಗೆ ಕೇಳಿಸೋದು ಸುಳ್ಳಲ್ಲ” ಎನ್ನುತ್ತಿದ್ದಳು. ಹೇಳಿ ಹೇಳಿ ಆ ಮಾತು ನಾಲಿಗೆಗೆ ಪಳಗಿತ್ತು. ಈಗ ಅದನ್ನು ಹೇಳಲಿಲ್ಲ. ತಿರುಗಿ, ಹಿಂದೆ ಕೂತಿದ್ದ ದರ್ಜಿಯ ತಾಯಿಯನ್ನು ಮೆಲ್ಲಗೆ ಕೇಳಿದಳು, “ಅಮ್ಮಾ, ಏನೋ ಸದ್ದು ಬರ್ತಿದೆಯಲ್ವಾ?”

“ಯಾವ ಸದ್ದು? ಏನೂ ಇಲ್ಲವಲ್ಲ!” ಎಂದಳು ಮುದುಕಿ. “ಇವನು ಎರಡು ದಿನದಿಂದ ಹೊಸ ಅಳಿಯನ ಹಾಗೆ ಕೋಣೆಗೇ ಊಟ ತರಿಸ್ಕೊಳ್ತಿದ್ದಾನೆ. ಈಗ ನಿನಗೂ ಶುರುವಾಯ್ತೇನಮ್ಮಾ?”

ಅಕ್ಕ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಳು. ಗೋಡೆ ಅಲುಗಲಿಲ್ಲ, ಸದ್ದು ನಿಲ್ಲಲಿಲ್ಲ. ಇಲ್ಲ ಅಂದುಬಿಟ್ಟರೆ ಕೆಲಸವಾದರೂ ಉಳಿಯುತ್ತಿತ್ತು; ಹೌದು ಅಂದರೆ ಮುದುಕಿ ನಾಳೆಯೇ ಕೇಂದ್ರಕ್ಕೆ ಹೋಗಿ ಹೇಳುವವಳು. ಆದರೆ ಒಳಗಿದ್ದವನು ಕಾಯುತ್ತಿದ್ದ. “ಕೇಳಿಸ್ತಿದೆಯಪ್ಪ,” ಎಂದಳು. “ನಿಮ್ಮಮ್ಮನಿಗೆ ಕೇಳಿಸ್ತಿಲ್ಲ, ನನಗೆ ಕೇಳಿಸ್ತಿದೆ. ನನಗೆ ತುಂಬಾ ಹೆದರಿಕೆ ಆಗ್ತಿದೆ.”

ಒಳಗೆ ಹೆಜ್ಜೆ ಸದ್ದಾಯಿತು. ಆಮೇಲೆ ಚಿಲಕ ಸರಿಯಿತು. ಯಾರು ಎಷ್ಟು ಕರೆದರೂ ಹೊರಗೆ ಕಾಲಿಡದವನು ಬಂದು ಅವಳ ಪಕ್ಕ ನೆಲದ ಮೇಲೆ ಕೂತ.

“ಒಬ್ಬರೇ ಕೂತ್ಕೋಬೇಡಿ ಅಕ್ಕಾ,” ಎಂದ. “ಒಬ್ಬರೇ ಇದ್ದರೆ ಅದು ಜೋರಾಗುತ್ತೆ.”