ಬೆನ್ನು ಮಾಡಿ ನಿಂತವಳು

ಅಂಕಣಕಾರ ಪೆಟಿಗ್ರೂ ಅವರು ವೇದಿಕೆಯ ಮೇಲೆ ಕನ್ನಡಕ ಸರಿಪಡಿಸಿಕೊಂಡು ಮೊದಲ ಮಾತು ಆಡಿದ್ದೇ ತಡ, ಮುಂದಿನ ನಾಲ್ಕು ಸಾಲಿನ ವಿದ್ಯಾರ್ಥಿಗಳು ಒಟ್ಟಿಗೇ ಎದ್ದು ವೇದಿಕೆಗೆ ಬೆನ್ನು ಮಾಡಿ ನಿಂತರು. ಕೂಗಾಟವಿಲ್ಲ, ಫಲಕಗಳಿಲ್ಲ. ಓಹಿಯೋದ ಆ ಪುಟ್ಟ ಕಾಲೇಜಿನಲ್ಲಿ ಒಲ್ಲದ ಅತಿಥಿಗೆ ಸಲ್ಲುವ ಮರ್ಯಾದೆಯೇ ಅದು.

ನಡುದಾರಿಯಲ್ಲಿ ಮೈಕು ಹಿಡಿದು ನಿಂತಿದ್ದ ಕೊರಿನ್‌ಗೆ ಆ ನಲವತ್ತು ಮಂದಿಯ ಮುಖಗಳೂ ಎದುರಾದವು. ಸಂಪ್ರದಾಯವಾದಿ ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಅವಳು. ಕಾಲೇಜುಗಳನ್ನು ವಾರವಾರವೂ ಪತ್ರಿಕೆಯಲ್ಲಿ ಝಾಡಿಸುವ ಈ ಅಂಕಣಕಾರರನ್ನು ಕರೆಸಿದವಳೂ ಅವಳೇ. ಅವಳ ಕಣ್ಣು ಮಾತ್ರ ಎರಡನೆಯ ಸಾಲಿನ ತುದಿಯಲ್ಲಿದ್ದ ಥೀಯಾಳನ್ನು ಬಿಟ್ಟು ಕದಲಲಿಲ್ಲ. ಎರಡು ವರ್ಷ ಒಂದೇ ಕೋಣೆಯಲ್ಲಿ ಕೂಡಿ ಬಾಳಿದ ಗೆಳತಿ ಮೂರು ವಾರದಿಂದ ಮಾತು ಬಿಟ್ಟಿದ್ದಳು. ಅಂದು ಬೆಳಿಗ್ಗೆ ಕೋಣೆ ಬದಲಾವಣೆಯ ಅರ್ಜಿ ತುಂಬಿ ಕೊರಿನ್‌ಳ ಮೇಜಿನ ಮೇಲಿಟ್ಟು ಹೋಗಿದ್ದಳು. ಇವಳ ರುಜುವೊಂದು ಬಿದ್ದರೆ ನಾಳೆಯಿಂದ ಇಬ್ಬರದೂ ಬೇರೆ ಬೇರೆ ವಾಸ.

ಪೆಟಿಗ್ರೂ ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಹೊಸ ಪ್ರಾಣಿಯನ್ನು ಕಂಡವರಂತೆ ಕತ್ತು ಚಾಚಿ ಆ ಬೆನ್ನುಗಳನ್ನೇ ನೋಡಿದರು.

"ಪರವಾಗಿಲ್ಲ ಬಿಡಿ, ನನಗೆ ಅಭ್ಯಾಸ ಇದೆ. ಮನೇಲಿ ನನ್ನ ಹೆಂಡ್ತಿ ಕೇಳಿಸ್ಕೊಳ್ಳೋದೂ ಹೀಗೇನೇ."

ನಿಂತವರಲ್ಲಿ ಇಬ್ಬರು ಮೂವರು ನಗು ತಡೆಯಲಾರದೆ ತುಟಿ ಕಚ್ಚಿಕೊಂಡದ್ದು ಕೊರಿನ್‌ಗೆ ಕಾಣಿಸಿತು. ಮುಂದಿನ ಮುಕ್ಕಾಲು ಗಂಟೆ ಪೆಟಿಗ್ರೂ ಅವರು ತಮ್ಮ ಎಂದಿನ ವಾದವನ್ನೇ ಮಂಡಿಸಿದರು: ಒಪ್ಪದ ಮಾತನ್ನು ಗಾಯವೆಂದು ಕರೆಯುವ ವಿದ್ಯಾಲಯ ತನ್ನ ಕೆಲಸವನ್ನೇ ಮರೆತಿದೆ, ಬಾಯಿ ಬಿಟ್ಟು ಆಡಿದ ಮಾತಿಗಿಂತ ಅಂಜಿ ನುಂಗಿದ ಮಾತೇ ಹೆಚ್ಚು ಕೇಡು ಮಾಡುತ್ತದೆ.

ಪ್ರಶ್ನೆಗಳ ಸಮಯ ಬಂದಾಗ ಬೆನ್ನುಗಳ ಸಾಲಿನಿಂದ ಒಂದು ಕೈ ಮೇಲೆದ್ದಿತು. ಥೀಯಾಳದು.

"ಏಯ್, ಕೈ ಇಳಿಸೇ! ಏನು ತೀರ್ಮಾನ ಆಗಿತ್ತು?" ಪಕ್ಕದವಳು ಗದರಿದಳು.

"ತಿರುಗಬಾರ್ದು ಅಂತ. ತಿರುಗಿಲ್ಲ ತಾನೇ?"

"ಆ ಬೆನ್ನಿಗೆ ಮೈಕ್ ಕೊಡಮ್ಮ," ಪೆಟಿಗ್ರೂ ಅವರು ಮೇಜಿನ ಮೇಲೆ ಬಾಗಿದರು. "ಬೆನ್ನು ಪ್ರಶ್ನೆ ಕೇಳೋದನ್ನ ನಾನು ಇವತ್ತೇ ನೋಡ್ತಿರೋದು."

ಕೊರಿನ್ ಹೋಗಿ ಗೆಳತಿಯ ಎದುರು ನಿಂತು ಮೈಕನ್ನು ಅವಳ ಬಾಯಿಯ ಬಳಿ ಹಿಡಿದಳು. ಥೀಯಾ ಪ್ರಶ್ನೆ ಕೇಳಿದ್ದು ವೇದಿಕೆಯ ಮೇಲಿದ್ದವರನ್ನು, ನೋಡಿದ್ದು ಇವಳನ್ನು.

"ಸಾರ್, ನೀವು ಹೇಳಿದ ಎಷ್ಟೋ ಮಾತು ನಾನು ಒಪ್ಪಲ್ಲ. ಅಂಜಿ ನುಂಗಿದ ಮಾತಿನ ವಿಷಯ ಒಪ್ತೀನಿ. ನೀವು ಇಲ್ಲಿಗೆ ಬರೋ ವಿಷಯ ನನಗೆ ಗೊತ್ತಾಗಿದ್ದು ಊಟದ ಹಾಲ್‌ನ ಗೋಡೆ ಮೇಲಿದ್ದ ಪೋಸ್ಟರ್ ನೋಡಿ. ನಿಮ್ಮನ್ನ ಕರೆಸಿದೋಳು ನನ್ನಿಂದ ನಾಲ್ಕಡಿ ದೂರದಲ್ಲಿ ಮಲಗ್ತಾಳೆ. ದಿನಾ ನಂಜೊತೆ ಕಾಫಿ ಕುಡೀತಿದ್ಲು. ಒಂದು ಮಾತು ಹೇಳ್ಲಿಲ್ಲ. ಯಾಕೆ?"

ಪೆಟಿಗ್ರೂ ಅವರು ಭಾಷಣದ ಹಾಳೆಗಳನ್ನು ನಿಧಾನವಾಗಿ ಒಟ್ಟುಮಾಡುತ್ತ, "ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ," ಎಂದರು. "ಆದ್ರೆ ಕೇಳಬೇಕು ಅನ್ನೋ ಆಸೆ ಇದೆ. ಮೈಕ್ ಹಿಡಿದಿರೋ ಮಗು, ಅದು ನೀನೇ ಅಲ್ವಾ?"

ಕೊರಿನ್ ಮೈಕನ್ನು ತನ್ನತ್ತ ತಿರುಗಿಸಿಕೊಂಡಳು.

"ಇವರನ್ನ ಕರೆಸೋದು ಬೇಡ ಅಂತೀಯ ಅಂತ ಹೆದರಿದ್ದೆ ಕಣೇ."

"ಹೌದು, ಬೇಡ ಅಂತಿದ್ದೆ," ಎಂದಳು ಥೀಯಾ. "ಆಮೇಲೆ ಇಬ್ರೂ ಜಗಳ ಆಡ್ಬಹುದಿತ್ತಲ್ಲ?"