ಮರೀಬಾಯಿಯ ಎಡಗೈ

ಈಗಲೂ ಬೆರಳ ತುದಿಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಹಳಿಯಾಳದ ಆ ಮಧ್ಯಾಹ್ನ ನೆನಪಾಗುತ್ತದೆ.

ಪಕ್ಕದ ಮನೆಯ ಮರೀಬಾಯಿ ಗೋವೆಯವರು. ಇಂಗ್ಲಿಷ್ ಸಾಹೇಬರ ಹಿಂದೆ ದಾಂಡೇಲಿ ಕಾಡಿಗೆ ಹೋಗಿದ್ದ ಅವರ ಗಂಡ ಚಳಿಜ್ವರ ಹಿಡಿದು ತೀರಿಕೊಂಡಿದ್ದರು. ವರ್ಷ ತುಂಬುವವರೆಗೆ ಆ ಮನೆಯವರು ವಾದ್ಯ ನುಡಿಸುವಂತಿರಲಿಲ್ಲ. ಆ ಮಧ್ಯಾಹ್ನ ಮರೀಬಾಯಿ, ಗಂಡ ನುಡಿಸುತ್ತಿದ್ದ ಹಾಡೊಂದನ್ನು ಕಲಿಸುತ್ತೇನೆಂದು, ಅವರ ಗಿಟಾರನ್ನು ಗೋಡೆಯಿಂದ ಇಳಿಸಲು ನನಗೆ ಹೇಳಿದರು.

"ನಾ ಬಾರಸೂಹಂಗಿಲ್ಲವ್ವಾ. ನಿನಗ ಕಲಸಾಕ ಅಡ್ಡಿ ಇಲ್ಲ. ಹೆಬ್ಬೆರಳು ದಪ್ಪ ತಂತಿಗೆ, ಉಳದ ಬೆರಳು ಸಣ್ಣ ತಂತಿಗೆ. ಅವಸರ ಮಾಡಬ್ಯಾಡ. ಅವರು ಈ ಹಾಡು ಭಾಳ ಸಾವಕಾಶ ಬಾರಸ್ತಿದ್ರು."

ಬಲಗೈಗೆ ಬೇಗ ರೂಢಿಯಾಯಿತು. ಎಡಗೈಯಿಂದ ಮೂರು ತಂತಿ ಒಟ್ಟಿಗೆ ಒತ್ತಿದರೆ ಬೆರಳು ಉರಿಯುತ್ತಿತ್ತು, ನಾದ ಏಳುತ್ತಿರಲಿಲ್ಲ. ಮರೀಬಾಯಿ ನನ್ನ ಬೆರಳಿಗೆ ಎಣ್ಣೆ ಸವರಿ, ಹಿಂದೆ ಕುಳಿತು, ತಮ್ಮ ಎಡಗೈಯಿಂದಲೇ ತಂತಿ ಒತ್ತಿದರು. ನಾನು ಮೀಟಿದೆ. ಹಾಡು ಎಲ್ಲಿಯೂ ತಡೆಯದೆ ಹರಿಯಿತು.

ಅವ್ವ ಬಾಗಿಲಲ್ಲಿ ನಿಂತಿದ್ದಳು. "ಬಾಯಾರ, ವರ್ಷ ತುಂಬೂಕಿಂತ ಮೊದಲ ಬಾರಸ್ತೀರೇನ್ರಿ?"

ಮರೀಬಾಯಿ ಕೈ ತೆಗೆಯಲಿಲ್ಲ. "ಇಲ್ರೀ. ಬಾರಸಾಕತ್ತಾಕಿ ನಿಮ್ಮ ಮಗಳು. ನಾ ಬರೇ ಒತ್ತಿ ಹಿಡದೇನಿ."

ಅವ್ವ ಆ ಕೈಯನ್ನೇ ನೋಡಿದಳು. ಆಮೇಲೆ ಓಣಿಯ ಕಡೆಯ ಬಾಗಿಲು ಮುಚ್ಚಿ ಬಂದು ನಮ್ಮೆದುರು ನೆಲದ ಮೇಲೆ ಕುಳಿತಳು.

"ಇನ್ನೊಮ್ಮೆ ಬಾರಸವ್ವಾ," ಎಂದು ನನಗೆ ಹೇಳಿದಳು.